‘ಕಮಲ’ ಸಾಲದು, ‘ಲಕ್ಷ್ಮೀ’ ಬೇಕು: ಸ್ಪೆಕ್‌ನಲ್ಲಿ ಉದಾಹರಣೆ ಕೊಡುವ ಬಗೆ

ಪ್ರಶ್ನೆ: ಕನ್ನಡದಲ್ಲಿ ಹೆಸರು ತುಂಬಿಸಿಕೊಳ್ಳುವ ಆ್ಯಪ್ ಒಂದಕ್ಕೆ ಸ್ಪೆಸಿಫಿಕೇಶನ್ (ಸ್ಪೆಕ್, ಅಂದರೆ ಆ್ಯಪ್ ಹೇಗೆ ನಡೆಯಬೇಕೆಂಬ ನಿಯಮಗಳ ದಾಖಲೆ) ಬರೆದಿದ್ದೇವೆ. ‘ಯುಟಿಎಫ್-8, ಎನ್‌ಎಫ್‌ಸಿ, ಗರಿಷ್ಠ ಉದ್ದ 20, ಕನ್ನಡ ಅಕ್ಷರಗಳು ಮಾತ್ರ’ ಎಂದು ನಿಯಮವಿದೆ (ಯುಟಿಎಫ್-8 ಎಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಬಗೆ, ಎನ್‌ಎಫ್‌ಸಿ ಎಂದರೆ ಎರಡು ಥರ ಬರೆಯಬಹುದಾದ ಅಕ್ಷರವನ್ನು ಒಂದೇ ರೂಪಕ್ಕೆ ತರುವುದು), ಕೆಳಗೆ ‘ಕಮಲ’ ಎಂಬ ಉದಾಹರಣೆಯೂ ಇದೆ. ಆದರೂ ಹೊಸಬರು ಒಬ್ಬೊಬ್ಬರು ಒಂದೊಂದು ಥರ ಕೋಡ್ ಬರೆಯುತ್ತಾರೆ. ಎಲ್ಲಿ ಎಡವಿದ್ದೇವೆ?

ಉತ್ತರ: ಉದಾಹರಣೆಯಲ್ಲೇ. ‘ಕಮಲ’ದಲ್ಲಿ ಒತ್ತಿಲ್ಲ, ಗುಣಿತವಿಲ್ಲ. ಕಣ್ಣಿಗೆ ಮೂರು ಅಕ್ಷರ, ಕೋಡ್‌ಪಾಯಿಂಟ್ (ಎಲ್ಲ ಲಿಪಿಗಳ ಮಾನದಂಡವಾದ ಯೂನಿಕೋಡ್ ಪ್ರತಿ ಅಕ್ಷರ, ಚಿಹ್ನೆಗೆ ಕೊಟ್ಟ ಸಂಖ್ಯೆ) ಮೂರು, ಬೈಟ್ ಒಂಬತ್ತು. ಹೇಗೆ ಎಣಿಸಿದರೂ 20ರ ಒಳಗೇ ಬರುತ್ತದೆ. ನಿಯಮವನ್ನು ತಪ್ಪಾಗಿ ಓದಿದವನ ಕೋಡ್ ಕೂಡ ಪಾಸಾಗುವುದಾದರೆ ಆ ಉದಾಹರಣೆ ಇದ್ದೂ ಇಲ್ಲದಂತೆ.

ಅದರ ಜಾಗದಲ್ಲಿ ‘ಲಕ್ಷ್ಮೀ’ ಹಾಕಿ. ಓದುವವರಿಗೆ ಎರಡೇ ಅಕ್ಷರ. ಒಳಗೆ ಏಳು ಕೋಡ್‌ಪಾಯಿಂಟ್. ದಶಮಾಂಶದಲ್ಲಿ 3250, 3221, 3277, 3255, 3277, 3246, 3264. ಒಂದೊಂದಕ್ಕೆ ಮೂರರಂತೆ 21 ಬೈಟ್. ಈಗ ‘20’ ಎಂದರೆ ಏನೆಂದು ನೀವೇ ತೀರ್ಮಾನಿಸಲೇಬೇಕು. 20 ಬೈಟ್ ಎಂದುಕೊಂಡವರು ಕತ್ತರಿಸಿದರೆ ಕೊನೆಯ ದೀರ್ಘದ ಮೂರು ಬೈಟ್‌ಗಳಲ್ಲಿ (224, 179, 128) ಕೊನೆಯದು ಹೋಗಿ, ಪರದೆಯ ಮೇಲೆ ‘ಲಕ್ಷ್ಮ’ದ ಪಕ್ಕ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ವಜ್ರ ಕೂರುತ್ತದೆ. ಆ ತಪ್ಪು ಫಲಿತಾಂಶವನ್ನೂ ಕಾರಣದೊಂದಿಗೆ ಸ್ಪೆಕ್‌ನಲ್ಲೇ ತೋರಿಸಿ.

ಎನ್‌ಎಫ್‌ಸಿಗೂ ಇದೇ ಪದ ಸಾಕು. ಕೊನೆಯ 3264 ಅನ್ನು 3263 ಮತ್ತು 3285 ಎಂದು ಬಿಡಿಸಿಯೂ ಬರೆಯಬಹುದು. ಕಾಣುವುದು ಒಂದೇ ರೀತಿ, ಕೋಡ್‌ಪಾಯಿಂಟ್ ಮಾತ್ರ ಎಂಟಾಗುತ್ತದೆ. ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ (ಹಳೆಯ ಫೈಲ್ ವ್ಯವಸ್ಥೆ) ಫೈಲ್ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಹಾಗಾಗಿ ‘ಮೊದಲು ಎನ್‌ಎಫ್‌ಸಿಗೆ ತಂದು, ಆಮೇಲೆ ಎಣಿಸಿ’ ಎಂದು ಕ್ರಮವನ್ನೂ ಬರೆಯಿರಿ. ನಿಯಮ ಎರಡಿದ್ದಾಗ ಯಾವುದು ಮೊದಲು ಎಂದು ಹೊಸಬರಿಗೆ ಹೊಳೆಯುವುದಿಲ್ಲ.

ಇನ್ನು ‘ಕನ್ನಡ ಅಕ್ಷರಗಳು ಮಾತ್ರ’ ಎಂಬ ಸಾಲು. ಇದನ್ನು ಓದಿದವರು ಸಾಮಾನ್ಯವಾಗಿ ಯೂನಿಕೋಡ್‌ನ ಕನ್ನಡ ವಿಭಾಗದ 3200ರಿಂದ 3327ರವರೆಗಿನ ಸಂಖ್ಯೆಗಳಿಗೆ ಒಂದು ಸಾಲಿನ ತಪಾಸಣೆ ಬರೆದು ಕೈತೊಳೆದುಕೊಳ್ಳುತ್ತಾರೆ. ಅದಕ್ಕೆ ಎರಡು ಹೆಸರು ಕೊಟ್ಟು ನೋಡಿ. ‘ರಾಜ್‌ಕುಮಾರ್’ ಹೊರಗೆ ಬೀಳುತ್ತದೆ. ‘ಜ್’ ಆದ ಮೇಲೆ ಕಣ್ಣಿಗೆ ಕಾಣದ 8204 ಇದೆ (ಅದಿಲ್ಲದಿದ್ದರೆ ‘ರಾಜ್ಕುಮಾರ್’ ಎಂದು ಒತ್ತಾಗುತ್ತದೆ), ಅದು ಕನ್ನಡ ವಿಭಾಗದಲ್ಲಿಲ್ಲ. ‘ಗ೦ಗಾ’ ಮಾತ್ರ ಸಲೀಸಾಗಿ ಒಳಗೆ ಬರುತ್ತದೆ. ಆದರೆ ಇಲ್ಲಿ ನಡುವೆ ಇರುವುದು ಅನುಸ್ವಾರ (3202) ಅಲ್ಲ, ಕನ್ನಡದ ಸೊನ್ನೆ (3302). ಸರಿಯಾದದ್ದು ತಿರಸ್ಕೃತ, ತಪ್ಪಾದದ್ದು ಸ್ವೀಕೃತ! ಎನ್‌ಎಫ್‌ಸಿ ಇವೆರಡನ್ನೂ ಮುಟ್ಟುವುದಿಲ್ಲ. ಆದ್ದರಿಂದ 8204ಕ್ಕೂ ಅದರ ಜೋಡಿಯಾದ, ಕಣ್ಣಿಗೆ ಕಾಣದೆ ಅಕ್ಷರಗಳನ್ನು ಕೂಡಿಸುವ 8205ಕ್ಕೂ ಅನುಮತಿ ಇದೆ, ಹೆಸರಿನೊಳಗೆ 3302ರಿಂದ 3311ರ ಅಂಕಿಗಳಿಗೆ ಇಲ್ಲ ಎಂದು ಬಿಡಿಸಿ ಹೇಳಿ. ಹುಡುಕಾಟಕ್ಕೆ ಹೋಲಿಸುವಾಗ ಮಾತ್ರ 8204, 8205 ತೆಗೆದು ಹೋಲಿಸಿ. ಉಳಿಸಿಟ್ಟ ಹೆಸರಿನಿಂದ ತೆಗೆಯಬೇಡಿ.

ಪ್ರತಿ ಉದಾಹರಣೆಗೂ ಐದು ಕಾಲಂ ಸಾಕು: ಕಾಣುವ ಪದ, ಕೋಡ್‌ಪಾಯಿಂಟ್‌ಗಳು, ಬೈಟ್ ಲೆಕ್ಕ, ಸ್ವೀಕಾರವೋ ತಿರಸ್ಕಾರವೋ, ಏಕೆ. ಒಂದು ನಿಯಮಕ್ಕೆ ಪಾಸಾಗುವ ಪದ ಒಂದು, ಬೀಳುವ ಪದ ಒಂದು. ಹತ್ತು ಕೊಟ್ಟರೆ ಯಾರೂ ಓದುವುದಿಲ್ಲ. ನಿಜವಾದ ಪದ ಬೇಕೆಂದು ಗ್ರಾಹಕರ ಡೇಟಾದಿಂದ ಎತ್ತಿ ಅಂಟಿಸಬೇಡಿ, ಊರಲ್ಲೆಲ್ಲ ಇರುವ ಹೆಸರುಗಳೇ ಬೇಕಾದಷ್ಟಿವೆ. ಪಟ್ಟಿಯನ್ನು ಒಂದೇ ಫೈಲ್‌ನಲ್ಲಿಟ್ಟು ಟೆಸ್ಟ್‌ಗಳೂ ಅದನ್ನೇ ಓದುವಂತೆ ಮಾಡಿದರೆ, ನಿಯಮ ಬದಲಾದ ದಿನವೇ ಹಳೆಯ ಉದಾಹರಣೆ ಸಿಕ್ಕಿಬೀಳುತ್ತದೆ.

ಕೋಡ್‌ಪಾಯಿಂಟ್‌ ಕಾಲಂ ಬೇಡವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕಾಣದ 8204 ಕಾಪಿ-ಪೇಸ್ಟ್‌ನಲ್ಲಿ ಎಲ್ಲಾದರೂ ಕಳಚಿಬಿದ್ದರೆ, ಅದು ಇತ್ತು ಎನ್ನುವುದಕ್ಕೆ ಉಳಿಯುವ ಸಾಕ್ಷಿ ಆ ಸಂಖ್ಯೆಯೊಂದೇ.