ಫ್ರಾನ್ಸ್ ಅಧ್ಯಕ್ಷರೊಬ್ಬರು ಜರ್ಮನಿಯಲ್ಲಿ ಹುಟ್ಟಿದ್ದು ಯಾಕೆ?

ಜರ್ಮನಿಯಲ್ಲಿ ಹುಟ್ಟಿ ಫ್ರಾನ್ಸ್ ಅಧ್ಯಕ್ಷರಾದವರು ಯಾರು? ಕ್ವಿಜ್‌ಗೆ ಹೇಳಿ ಮಾಡಿಸಿದ ಪ್ರಶ್ನೆ. ಉತ್ತರ ವಲೇರಿ ಜಿಸ್ಕಾರ್ ದೆಸ್ತಾಂ. ಊರು ಕೊಬ್ಲೆನ್ಸ್, ದಿನಾಂಕ 1926ರ ಫೆಬ್ರವರಿ 2. ಅಷ್ಟಕ್ಕೇ ಬಿಟ್ಟರೆ ಮಜಾ ಇಲ್ಲ.

ರೈನ್ ಮತ್ತು ಮೊಸೆಲ್ ನದಿಗಳು ಸೇರುವ ಊರು ಅದು. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ ಮತ್ತೆ ತಲೆ ಎತ್ತಬಾರದು, ಪರಿಹಾರದ ದುಡ್ಡು ಸರಿಯಾಗಿ ಕಟ್ಟಬೇಕು ಅಂತ ಗೆದ್ದವರು ರೈನ್ ಸೀಮೆಯಲ್ಲಿ ಸೈನ್ಯ ಕೂರಿಸಿದ್ದರು. ಕೊಬ್ಲೆನ್ಸ್‌ನಲ್ಲಿ ಮೊದಲು ಇದ್ದವರು ಅಮೆರಿಕನ್ನರು. 1923ರಲ್ಲಿ ಅವರು ಗಂಟುಮೂಟೆ ಕಟ್ಟಿದ ಮೇಲೆ ಫ್ರೆಂಚರು ಬಂದು 1929ರ ತನಕ ಇದ್ದರು. ಸೈನ್ಯ ಅಂದಮೇಲೆ ಲೆಕ್ಕಪತ್ರ ನೋಡೋರೂ ಬೇಕಲ್ವಾ? ಜಿಸ್ಕಾರ್ ಅವರ ಅಪ್ಪ ಅಲ್ಲಿನ ಫ್ರೆಂಚ್ ಆಡಳಿತದಲ್ಲಿ ಹಣಕಾಸಿನ ಅಧಿಕಾರಿ. ಮಗ ಹುಟ್ಟಿದ ಸ್ವಲ್ಪ ಕಾಲಕ್ಕೇ ಸಂಸಾರ ಪ್ಯಾರಿಸ್‌ಗೆ ವಾಪಸಾಯಿತು.

ಅಂದಹಾಗೆ, 1789ರ ಕ್ರಾಂತಿಗೆ ಹೆದರಿ ಓಡಿದ ಫ್ರೆಂಚ್ ಕುಲೀನರು ಗುಂಪು ಕಟ್ಟಿದ್ದೂ ಇದೇ ಕೊಬ್ಲೆನ್ಸ್‌ನಲ್ಲಿ. ಜಿಸ್ಕಾರ್ ಹೆಸರಿನ ಬಾಲದಲ್ಲಿರುವ 'ದೆಸ್ತಾಂ' ಕೂಡ ಅಂಥದ್ದೇ ಹಳೇ ಮನೆತನದ್ದು. ಆದರೆ ಇವರ ಕುಟುಂಬ ಅದನ್ನು ಸರ್ಕಾರದ ಒಪ್ಪಿಗೆ ಪಡೆದು ಸೇರಿಸಿಕೊಂಡಿದ್ದು 1922ರಲ್ಲಷ್ಟೇ. ಆಡಿಕೊಳ್ಳೋರಿಗೆ ಇನ್ನೇನು ಬೇಕು!

ಮುಂದೆ ಎರಡನೇ ಮಹಾಯುದ್ಧ. ಇನ್ನೂ ಇಪ್ಪತ್ತು ತುಂಬದ ಹುಡುಗ ಸೇನೆ ಸೇರಿ, 1945ರಲ್ಲಿ ಟ್ಯಾಂಕ್ ಪಡೆಯ ಜೊತೆ ಜರ್ಮನಿಯೊಳಗೆ ಹೋದ, ಶೌರ್ಯ ಪದಕವನ್ನೂ ಪಡೆದ. ಆಮೇಲೆ ದೊಡ್ಡ ದೊಡ್ಡ ಸರ್ಕಾರಿ ವಿದ್ಯಾಸಂಸ್ಥೆಗಳಲ್ಲಿ ಓದು, ಅಪ್ಪನ ಹಾಗೇ ಹಣಕಾಸು ಇಲಾಖೆ. 1962ರಲ್ಲಿ, 36 ತುಂಬುವ ಮೊದಲೇ, ಅಧ್ಯಕ್ಷ ದ ಗಾಲ್ ಕಾಲದಲ್ಲಿ ಹಣಕಾಸು ಮಂತ್ರಿ.

1974ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಪೊಂಪಿಡು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಚುನಾವಣೆ ಬಂತು. ಮೇ 10ರಂದು ಜಿಸ್ಕಾರ್ ಮತ್ತು ಅವರ ಎದುರಾಳಿ, ಸಮಾಜವಾದಿ ಮಿತೆರಾಂ ಟಿವಿಯಲ್ಲಿ ಎದುರುಬದುರು ಕೂತು ವಾದ ಮಾಡಿದರು. ಫ್ರಾನ್ಸ್‌ನಲ್ಲಿ ಅಧ್ಯಕ್ಷ ಚುನಾವಣೆಗೆ ಇಂಥ ಚರ್ಚೆ ಅದೇ ಮೊದಲು. 'ಹೃದಯ ನಿಮ್ಮೊಬ್ಬರ ಸ್ವತ್ತಲ್ಲ' ಅಂತ ಜಿಸ್ಕಾರ್ ಕೊಟ್ಟ ಏಟು ಇವತ್ತಿಗೂ ಫ್ರೆಂಚರ ಬಾಯಲ್ಲಿದೆ. ಗೆದ್ದಿದ್ದು 50.8 ಶೇಕಡ ಮತದಿಂದ, ಅಂದರೆ ಕೂದಲೆಳೆಯಲ್ಲಿ.

ಮೊದಲೆರಡು ವರ್ಷ ಭರ್ಜರಿ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು (ನಮ್ಮಲ್ಲಿ ಇದಾಗಿದ್ದು 1989ರಲ್ಲಿ), 1975ರಲ್ಲಿ ಆರೋಗ್ಯ ಮಂತ್ರಿ ಸಿಮೋನ್ ವೇ ಮಂಡಿಸಿದ್ದ, ಗರ್ಭಪಾತಕ್ಕೆ ಅನುಮತಿ ಕೊಡುವ ಕಾನೂನು ಜಾರಿಗೆ ಬಂತು. ಕಸ ಎತ್ತುವ ಕಾರ್ಮಿಕರನ್ನು ಅರಮನೆಗೆ ಕರೆದು ತಿಂಡಿ ಕೊಟ್ಟಿದ್ದೂ ಉಂಟು. ಅದು ಸ್ವಲ್ಪ ಜಾಸ್ತಿಯೇ ಆಯಿತು ಅಂತ ನನಗನಿಸುತ್ತದೆ.

ನನ್ನ ಲೆಕ್ಕದಲ್ಲಿ ಅವರ ನಿಜವಾದ ಕೆಲಸ ಜರ್ಮನಿಯ ಜೊತೆಗಿನದು. ಇವರು ಗೆಲ್ಲುವುದಕ್ಕೆ ಮೂರೇ ದಿನ ಮೊದಲು ಅಲ್ಲಿ ಹೆಲ್ಮುಟ್ ಶ್ಮಿಟ್ ಚಾನ್ಸಲರ್ ಆಗಿದ್ದರು. ಇಬ್ಬರೂ ಮಾಜಿ ಹಣಕಾಸು ಮಂತ್ರಿಗಳು, ಹಳೇ ಪರಿಚಯ. ಇಂಗ್ಲಿಷ್‌ನಲ್ಲೇ ಮಾತಾಡಿಕೊಂಡು 1979ರಲ್ಲಿ ಯುರೋಪಿನ ದೇಶಗಳ ಕರೆನ್ಸಿಗಳ ವಿನಿಮಯ ದರ ಹೆಚ್ಚು ಏರಿಳಿಯದಂತೆ ಹಿಡಿದಿಡುವ ವ್ಯವಸ್ಥೆ ಶುರು ಮಾಡಿಸಿದರು, ಯೂರೋ ನಾಣ್ಯ ಬೆಳೆದಿದ್ದು ಅದರಿಂದಲೇ. ಅಪ್ಪ ಜರ್ಮನಿಗೆ ಹೋಗಿದ್ದು ಗೆದ್ದವರ ಕಡೆಯ ಅಧಿಕಾರಿಯಾಗಿ. ಮಗ ಅದೇ ದೇಶದ ಜೊತೆ ಸಮಸಮ ಕೂತು ಲೆಕ್ಕ ಹಾಕಿದರು.

ತಮ್ಮ ದೇಶದಲ್ಲಿ ಮಾತ್ರ ಹೆಸರು ಕೆಟ್ಟಿತು. ಕಚ್ಚಾ ತೈಲದ ಬೆಲೆ, ನಿರುದ್ಯೋಗ, ಜೊತೆಗೆ ಮಧ್ಯ ಆಫ್ರಿಕಾದ ಸರ್ವಾಧಿಕಾರಿ ಬೊಕಾಸಾ ಕೊಟ್ಟ ವಜ್ರಗಳ ಸುದ್ದಿ. 1979ರಲ್ಲಿ ಪತ್ರಿಕೆಯೊಂದು ಅದನ್ನು ಬಯಲು ಮಾಡಿದಾಗ ಅವರು ಸರಿಯಾಗಿ ಉತ್ತರ ಕೊಡದೆ ಸುಮ್ನೆ ಎಳೆದಾಡಿದರು. 1981ರಲ್ಲಿ ಮಿತೆರಾಂ ಗೆದ್ದರು. ಬೀಳ್ಕೊಡುಗೆಯ ಟಿವಿ ಭಾಷಣ ಮುಗಿಸಿ ಜಿಸ್ಕಾರ್ ಎದ್ದು ಹೊರಟರು, ಕ್ಯಾಮೆರಾ ಖಾಲಿ ಕುರ್ಚಿಯನ್ನೇ ತೋರಿಸುತ್ತಿತ್ತು. ಜನ ನಕ್ಕಿದ್ದೇ ನಕ್ಕಿದ್ದು.

ಅವರು ಅಲ್ಲಿಗೇ ನಿಲ್ಲಲಿಲ್ಲ. 2002ರಿಂದ ಯುರೋಪ್ ಒಕ್ಕೂಟಕ್ಕೊಂದು ಸಂವಿಧಾನ ಬರೆಯುವ ಸಮಾವೇಶದ ಮುಖ್ಯಸ್ಥರಾದರು. 2005ರಲ್ಲಿ ಅದನ್ನು ತಿರಸ್ಕರಿಸಿದವರು ಬೇರಾರೂ ಅಲ್ಲ, ಫ್ರೆಂಚ್ ಮತದಾರರೇ. ಆದರೆ ಸದಸ್ಯ ದೇಶ ಒಕ್ಕೂಟ ಬಿಡುವುದು ಹೇಗೆ ಅನ್ನುವ ಕಲಮು ಆ ಕರಡಿನಿಂದಲೇ, ಅದರ ಬದಲಿಗೆ ಮಾಡಿಕೊಂಡ ಲಿಸ್ಬನ್ ಒಪ್ಪಂದಕ್ಕೆ ಬಂದು 50ನೇ ಕಲಮಾಯಿತು. ಅದನ್ನು ಮೊದಲು ಬಳಸಿ 2020ರ ಜನವರಿಯಲ್ಲಿ ಹೊರನಡೆದದ್ದು ಬ್ರಿಟನ್. ಅದೇ ವರ್ಷದ ಡಿಸೆಂಬರ್ 2ರಂದು 94ನೇ ವಯಸ್ಸಿನಲ್ಲಿ ಜಿಸ್ಕಾರ್ ಕೋವಿಡ್‌ನಿಂದ ತೀರಿಕೊಂಡರು.