ಹಲಸಿನ ಬೇಳೆ, ಉಪ್ಪುನೀರು, ಅಲಸಂಡೆ ಬೇರು: ಕರಾವಳಿಯ ಹಿತ್ತಿಲಲ್ಲಿ ಮಕ್ಕಳ ಪ್ರಯೋಗಗಳು

ಒದ್ದೆ ಹತ್ತಿಯ ಮೇಲೆ ನಾಲ್ಕು ಕಾಳು ಇಟ್ಟು ಮೊಳಕೆ ನೋಡುವ ಪ್ರಯೋಗ ಮಕ್ಕಳಿಗೆಲ್ಲ ಗೊತ್ತು. ಜುಲೈ ತಿಂಗಳಲ್ಲಿ ಮಂಗಳೂರಿನಲ್ಲೋ ಉಡುಪಿಯಲ್ಲೋ ಅದನ್ನೇ ಮಾಡಿದರೆ ಮೂರನೇ ದಿನ ಹತ್ತಿಯ ತುಂಬ ಬೂಷ್ಟು. ಮಗು ತಾನೇನೋ ತಪ್ಪು ಮಾಡಿದೆ ಅಂದುಕೊಳ್ಳುತ್ತದೆ. ತಪ್ಪು ಮಗುವಿನದ್ದಲ್ಲ. ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರಿದು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿಯೇ ನೀರು ಕುಡಿದಂತಿರುವಾಗ ಹತ್ತಿ ಆರುವುದೇ ಇಲ್ಲ. ನೀರಲ್ಲಿ ಮುಳುಗಿದ ಕಾಳಿಗೆ ಉಸಿರಾಡಲು ಆಮ್ಲಜನಕ ಸಿಗುವುದಿಲ್ಲ; ಒಡೆದ ಕಾಳಿನಿಂದ ಸೋರುವ ಸಕ್ಕರೆಯಂಶ ಬೂಷ್ಟಿಗೆ ಊಟವಾಗುತ್ತದೆ.

ನಮ್ಮ ಊರಿಗೆ ತಕ್ಕಂತೆ ಮಾಡುವುದು ಹೀಗೆ. ಹೆಸರು ಕಾಳಿನಲ್ಲಿ ಒಡೆದದ್ದು, ತೂತು ಬಿದ್ದದ್ದನ್ನು ಆರಿಸಿ ತೆಗೆಯಿರಿ. ಆರರಿಂದ ಎಂಟು ಗಂಟೆ ನೆನೆಸಿದರೆ ಸಾಕು. ಹತ್ತಿ ಬೇಡ, ಬೇರು ಅದರೊಳಗೆ ಹೊಕ್ಕು, ಎತ್ತಿ ನೋಡುವಾಗ ತುಂಡಾಗುತ್ತದೆ. ಹಳೆ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ, ಒದ್ದೆ ಮಾಡಿ, ಹನಿ ಬೀಳದಷ್ಟು ಹಿಂಡಿ. ಅದನ್ನು ಗಾಜಿನ ಲೋಟದ ಒಳಮೈಗೆ ಸುತ್ತ ಅಂಟಿಸಿ, ಗಾಜಿಗೂ ಬಟ್ಟೆಗೂ ನಡುವೆ ಕಾಳು ಸಿಕ್ಕಿಸಿ. ಲೋಟದ ತಳದಲ್ಲಿ ಒಂದು ಸೆಂಟಿಮೀಟರ್ ನೀರಿದ್ದರೆ ಬಟ್ಟೆಯೇ ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಆ ನೀರನ್ನು ದಿನಾ ಬದಲಿಸಿ. ಬೇರು ಎರಡು ಸೆಂಟಿಮೀಟರ್ ಆದ ದಿನ ನೀರು ಚೆಲ್ಲಿ, ಲೋಟವನ್ನು ಅಡ್ಡ ಮಲಗಿಸಿ. ಮರುದಿನ ಬೆಳಗ್ಗೆ ನೋಡಿದರೆ ಬೇರಿನ ತುದಿ ನೆಲದ ಕಡೆಗೆ ತಿರುಗಿರುತ್ತದೆ. ತುದಿಯ ಕೆಲವು ಜೀವಕೋಶಗಳಲ್ಲಿ ಪಿಷ್ಟದ ಕಣಗಳಿವೆ. ಚೀಲದಲ್ಲಿ ಕಲ್ಲು ತಳಕ್ಕೆ ಕೂತಂತೆ ಅವು ಕೆಳಬದಿಗೆ ಜಾರುತ್ತವೆ, ಬೇರಿಗೆ ಕೆಳಗೆ ಯಾವ ಕಡೆ ಎಂದು ತಿಳಿಯುವುದು ಅದರಿಂದಲೇ.

ಮುಂದಿನ ಪ್ರಯೋಗಗಳಿಗೆಲ್ಲ ಒಂದೇ ಕಟ್ಟಳೆ: ಕಡಿಮೆಯೆಂದರೆ ಎರಡು ಚಟ್ಟಿ, ಅವುಗಳ ನಡುವೆ ಒಂದೇ ವ್ಯತ್ಯಾಸ. ಒಂದನ್ನು ಬಿಸಿಲಲ್ಲಿ, ಇನ್ನೊಂದನ್ನು ನೆರಳಲ್ಲಿ ಇಟ್ಟು, ಬಿಸಿಲಿನದ್ದು ಬಾಡೀತೆಂದು ಅದಕ್ಕೆ ಮಾತ್ರ ಹೆಚ್ಚು ನೀರು ಹಾಕುವುದು ಮಕ್ಕಳ ಮಾಮೂಲಿ ಪ್ರೀತಿ. ದೊಡ್ಡವರೂ ಅದನ್ನೇ ಮಾಡುತ್ತಾರೆ. ಆಮೇಲೆ ಗಿಡ ಚೆನ್ನಾಗಿ ಬಂದದ್ದು ಬಿಸಿಲಿನಿಂದಲೋ ನೀರಿನಿಂದಲೋ ಯಾರಿಗೂ ಹೇಳಲಾಗುವುದಿಲ್ಲ.

ಹಲಸಿನ ಕಾಲದಲ್ಲಿ ಮಾಡಬೇಕಾದ ಪ್ರಯೋಗ ಬೇಳೆಯದ್ದು. ಒಂದೇ ಹಣ್ಣಿನ 15 ಬೇಳೆ ಬೇಕು. ಬೇರೆ ಬೇರೆ ಮರದ್ದಾದರೆ ಅದೇ ಇನ್ನೊಂದು ವ್ಯತ್ಯಾಸವಾಗುತ್ತದೆ. ಲೋಳೆ ತೊಳೆದು ಐದನ್ನು ಅಂದೇ ಬಿತ್ತಿ. ಐದನ್ನು ಬೆಚ್ಚಗಿನ ಒಣ ಜಾಗದಲ್ಲಿ ಒಂದು ತಿಂಗಳು ಚೆನ್ನಾಗಿ ಒಣಗಲು ಬಿಡಿ. ಉಳಿದ ಐದಕ್ಕೆ ಹಸಿ ಕೆಮ್ಮಣ್ಣು ಬಳಿದು ಅಷ್ಟೇ ದಿನ ನೆರಳಲ್ಲಿಡಿ. ಮಳೆಗಾಲದ ಸಾರು, ಪಲ್ಯಕ್ಕೆಂದು ಅಜ್ಜಿಯಂದಿರು ಬೇಳೆ ಕಾದಿಡುವ ಕ್ರಮವೇ ಇದು. ತಿಂಗಳಾದ ಮೇಲೆ ಎರಡನ್ನೂ ಬಿತ್ತಿ. ಬೇಳೆಯನ್ನು ಅಡ್ಡ ಮಲಗಿಸಿ, ಮೇಲೆ ಎರಡು ಮೂರು ಸೆಂಟಿಮೀಟರ್ ಮಣ್ಣು. ಬಿತ್ತಿದ ದಿನ ಬೇರೆ ಬೇರೆಯಾದ್ದರಿಂದ ಪ್ರತಿ ಗುಂಪಿಗೂ ಅದರದೇ ಬಿತ್ತಿದ ದಿನದಿಂದ ಲೆಕ್ಕ ಹಾಕಬೇಕು.

ತಾಜಾ ಬೇಳೆ ಎರಡರಿಂದ ನಾಲ್ಕು ವಾರದಲ್ಲಿ ಮೊಳೆಯುತ್ತದೆ. ಒಣಗಿದ್ದು ಬಹುಮಟ್ಟಿಗೆ ಮೊಳೆಯುವುದಿಲ್ಲ. ಅಲಸಂಡೆ, ಬೆಂಡೆ, ಹರಿವೆಯ ಬೀಜ ಒಣಗಿದಷ್ಟೂ ಬಾಳಿಕೆ ಬರುತ್ತವೆ. ಹಲಸು ಮತ್ತು ಮಾವಿನ ಬೀಜದ ರೀತಿ ತಿರುಗುಮುರುಗು, ಒಳಗಿನ ತೇವ ಆರಿದರೆ ಜೀವವೂ ಹೋಗುತ್ತದೆ. ಕೆಮ್ಮಣ್ಣು ತಡೆಯುವುದು ಆ ತೇವವನ್ನೇ. ಮಣ್ಣು ಬಳಿದಿಟ್ಟಲ್ಲೇ ಒಂದೆರಡು ಬೇಳೆ ಬೇರು ಬಿಟ್ಟರೆ ಪ್ರಯೋಗ ಕೆಟ್ಟಿತೆಂದು ಎಸೆಯಬೇಡಿ, ಮಣ್ಣು ತೇವ ಉಳಿಸಿದೆ ಎನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಸಾಂತಾಣಿ ಬಿತ್ತಿದರೆ ಬರುತ್ತದೆಯೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಉಪ್ಪಲ್ಲಿ ಬೇಯಿಸಿ ಒಣಗಿಸಿದ ಬೇಳೆ ತಿನ್ನಲಿಕ್ಕೆ ಮಾತ್ರ.

ಉಪ್ಪುನೀರಿನ ಪ್ರಯೋಗ ಬೇಸಗೆಗೆ ಒಳ್ಳೆಯದು. ಮಳೆಗಾಲದಲ್ಲಿ ಹೊಳೆ ಸಮುದ್ರವನ್ನು ಹಿಂದಕ್ಕೆ ದೂಡುತ್ತದೆ. ಬೇಸಗೆಯಲ್ಲಿ ಹೊಳೆ ಸೊರಗಿದಾಗ ಉಪ್ಪುನೀರು ಒಳನುಗ್ಗಿ ಅಳಿವೆ ಬದಿಯ ಬಾವಿಗಳ ರುಚಿ ಕೆಡುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಮನೆಯಲ್ಲಿ 200 ಮಿಲಿ ನೀರಿಗೆ 7 ಗ್ರಾಂ ಪುಡಿ ಉಪ್ಪು ಹಾಕಿದರೆ ಅದೇ ಪ್ರಮಾಣ. ಇದರಲ್ಲಿ 100 ಮಿಲಿ ತೆಗೆದು ಅಷ್ಟೇ ಸಿಹಿನೀರು ಬೆರೆಸಿದರೆ ಅರ್ಧ ಉಪ್ಪು. ಅದರಿಂದ 100 ಮಿಲಿ ತೆಗೆದು ಮತ್ತೆ ಅಷ್ಟೇ ಸಿಹಿನೀರು ಬೆರೆಸಿದರೆ ಕಾಲು ಭಾಗ, ಇನ್ನೊಮ್ಮೆ ಮಾಡಿದರೆ ಅರೆಕಾಲು. ಬರೀ ಸಿಹಿನೀರಿನದ್ದು ಐದನೆಯದು. ಒಂದೊಂದು ಬಟ್ಟಲಲ್ಲೂ ಬಟ್ಟೆಯ ಮೇಲೆ 20 ಹೆಸರು ಕಾಳು ಹರಡಿ, ಆಯಾ ನೀರಿನಿಂದ ಬಟ್ಟೆ ಒದ್ದೆ ಮಾಡಿ.

ಇಲ್ಲಿ ಎಡವುವ ಜಾಗ ಎರಡು. ಕಾಳನ್ನು ಮೊದಲೇ ಸಿಹಿನೀರಲ್ಲಿ ನೆನೆಸಿಟ್ಟರೆ ಅದು ಬೇಕಾದ ನೀರನ್ನು ಆಗಲೇ ಕುಡಿದಾಗಿರುತ್ತದೆ. ಒಣ ಕಾಳನ್ನೇ ಬಳಸಿ. ಬಟ್ಟಲು ಮುಚ್ಚದೆ ಬಿಟ್ಟರೆ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಕಾಲು ಭಾಗದ ಬಟ್ಟಲು ಸಂಜೆಗೆ ಕಾಲು ಭಾಗವಾಗಿ ಉಳಿದಿರುವುದಿಲ್ಲ. ಮೇಲೊಂದು ತಟ್ಟೆ ಮುಚ್ಚಿ, ಬಟ್ಟೆಯನ್ನು ದಿನಕ್ಕೊಮ್ಮೆ ಅದದೇ ನೀರಿನಲ್ಲಿ ಅದ್ದಿ ಹಿಂಡಿ.

ಮೂರನೇ ದಿನ ಮೊಳೆತ ಕಾಳು ಎಣಿಸಿ, ಬೇರಿನ ಉದ್ದ ಅಳೆಯಿರಿ. ಉಪ್ಪು ಏರಿದಂತೆ ಬೇರು ಗಿಡ್ಡವಾಗುತ್ತ ಹೋಗುತ್ತದೆ, ಪೂರ್ಣ ಉಪ್ಪಿನ ಬಟ್ಟಲಲ್ಲಿ ಮೊಳಕೆಯೇ ಕಾಣುವುದಿಲ್ಲ. ಉಪ್ಪು ಹೆಚ್ಚಿದ್ದ ಕಡೆಗೆ ನೀರು ಎಳೆಯಲ್ಪಡುತ್ತದೆ. ಹಾಗಾಗಿ ಸುತ್ತ ನೀರಿದ್ದೂ ಕಾಳಿಗೆ ದಾಹ. ಉಪ್ಪಿನಕಾಯಿಗೆ ಹಾಕಿದ ಮಾವಿನ ಮಿಡಿ ನೀರು ಬಿಟ್ಟು ಸುಕ್ಕಾಗುವುದೂ ಇದೇ ಕಾರಣಕ್ಕೆ. ಈಗ ಮೊಳೆಯದ ಕಾಳುಗಳನ್ನು ತೊಳೆದು ಸಿಹಿನೀರಿನ ಬಟ್ಟೆಗೆ ಹಾಕಿ. ಕೆಲವಾದರೂ ಮೊಳೆತರೆ ಅವು ಸತ್ತಿರಲಿಲ್ಲ, ಕಾಯುತ್ತಿದ್ದವು ಎಂದಾಯಿತು. ಎಲ್ಲ ಬೆಳೆಯೂ ಹೆಸರಿನಷ್ಟು ಸೂಕ್ಷ್ಮವಲ್ಲ: ಉತ್ತರ ಕನ್ನಡದ ಕುಮಟಾ ಕಡೆಯ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರನ್ನು ತಾಳಿಕೊಳ್ಳುತ್ತದೆ.

ಬಣ್ಣದ ಆಟ ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಐದಾರು ನೀಲಿ ಶಂಖಪುಷ್ಪವನ್ನು ಅರ್ಧ ಲೋಟ ಬಿಸಿನೀರಲ್ಲಿ ಹತ್ತು ನಿಮಿಷ ಬಿಡಿ. ಲಿಂಬೆರಸ ಹಿಂಡಿದರೆ ನೀಲಿ ಹೋಗಿ ನೇರಳೆ, ಚಿಟಿಕೆ ಅಡುಗೆ ಸೋಡಾ ಹಾಕಿದರೆ ಹಸಿರು ಛಾಯೆ. ಇಲ್ಲಿಯವರೆಗೆ ಎಲ್ಲರೂ ಮಾಡುತ್ತಾರೆ. ಬಸಳೆ ಚಪ್ಪರದಿಂದ ಹಣ್ಣಾದ ಹತ್ತು ಕಪ್ಪು ಕಾಯಿ ಕಿತ್ತು ಹಿಸುಕಿ ಅದೇ ಪರೀಕ್ಷೆ ಮಾಡಿದಾಗ ಆಟಕ್ಕೆ ಕಳೆ ಬರುತ್ತದೆ. ಲಿಂಬೆಗೆ ಆ ಕಡುಗೆಂಪು ಜಗ್ಗುವುದೇ ಇಲ್ಲ. ಶಂಖಪುಷ್ಪದ್ದು ಆಂಥೋಸಯನಿನ್, ಬಸಳೆ, ಕೆಂಪು ಹರಿವೆ, ಬೀಟ್‌ರೂಟ್‌ನದ್ದು ಬೀಟಾಲೈನ್ ಎಂಬ ಬೇರೆಯೇ ಕುಲದ ಬಣ್ಣ. ಎರಡನ್ನೂ ತಾನೇ ತಯಾರಿಸುವ ಗಿಡ ಪ್ರಕೃತಿಯಲ್ಲಿ ಕಂಡುಬಂದಿಲ್ಲ. ಶಂಖಪುಷ್ಪದ ನೀರಿನಿಂದ ಅಂಗಳದ ಮಣ್ಣಿನ ಹುಳಿ ಅಳೆಯಲು ಹೊರಡಬೇಡಿ. ನಮ್ಮ ಕೆಂಪುಮಣ್ಣು ಹುಳಿಯೇನೋ ಹೌದು, ಆದರೆ ಆ ಬಣ್ಣ ತಿರುಗುವಷ್ಟಲ್ಲ.

ಅತಿ ನಿಧಾನದ್ದು, ಅತಿ ಚೆಂದದ್ದು ಅಲಸಂಡೆಯ ಬೇರು. ನವರಾತ್ರಿ ಹೊತ್ತಿಗೆ, ಮಳೆ ಇಳಿದ ಮೇಲೆ ಶುರುಮಾಡಿ. ತೆಂಗಿನ ನಾರಿನ ಹುಡಿಯನ್ನು ಕಂದು ನೀರು ತಿಳಿಯಾಗುವ ತನಕ ತೊಳೆದು, ಬಾಣಲೆಯಲ್ಲಿ ಹುರಿದು ಆರಿಸಿದ ಮರಳಿನ ಜೊತೆ ಸಮಪಾಲು ಬೆರೆಸಿ ಎರಡು ಚಟ್ಟಿ ತುಂಬಿ. ಮೊದಲು ಅಲಸಂಡೆ ಬೆಳೆದಿದ್ದ ಜಾಗದಿಂದ ಎರಡು ಹಿಡಿ ಮಣ್ಣು ತನ್ನಿ. ಒಂದು ಹಿಡಿ ಹಾಗೆಯೇ ಒಂದು ಚಟ್ಟಿಗೆ. ಇನ್ನೊಂದು ಹಿಡಿಯನ್ನು ದೊಡ್ಡವರು ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸಿ, ಆರಿದ ಮೇಲೆ ಎರಡನೇ ಚಟ್ಟಿಗೆ ಹಾಕಲಿ. ಹೀಗೆ ಮಾಡಿದರೆ ಎರಡೂ ಕಡೆ ಮಣ್ಣು ಒಂದೇ, ಅದರೊಳಗಿನ ಜೀವಿಗಳು ಮಾತ್ರ ಒಂದರಲ್ಲಿವೆ, ಇನ್ನೊಂದರಲ್ಲಿಲ್ಲ. ಮೂರು ಮೂರು ಬೀಜ ಬಿತ್ತಿ, ಒಂದರ ನೀರು ಇನ್ನೊಂದಕ್ಕೆ ಸಿಡಿಯದಂತೆ ಒಂದು ಮೀಟರ್ ದೂರ ಇಡಿ. ಯೂರಿಯಾ, ಗೋಮೂತ್ರ ಏನೂ ಬೇಡ; ಸಾರಜನಕ ಪುಕ್ಕಟೆ ಸಿಕ್ಕಿದ ಗಿಡ ಬೇರಿನಲ್ಲಿ ಗಂಟು ಕಟ್ಟುವ ಗೋಜಿಗೆ ಅಷ್ಟಾಗಿ ಹೋಗುವುದಿಲ್ಲ.

ಐದಾರು ವಾರದ ಮೇಲೆ ಗಿಡವನ್ನು ಕೀಳಬೇಡಿ, ಗಂಟುಗಳು ಮಣ್ಣಿನಲ್ಲೇ ಉದುರುತ್ತವೆ. ಚಟ್ಟಿಯನ್ನು ಬಕೆಟ್ ನೀರಲ್ಲಿ ಮುಳುಗಿಸಿಟ್ಟು, ಹುಡಿ ಸಡಿಲವಾದ ಮೇಲೆ ಬೇರು ಬಿಡಿಸಿ. ಹಸಿ ಮಣ್ಣು ಹಾಕಿದ ಗಿಡದ ಬೇರಿನಲ್ಲಿ ಸಾಸಿವೆಯಿಂದ ಕಾಳುಮೆಣಸಿನ ಗಾತ್ರದ ಗಂಟುಗಳಿರುತ್ತವೆ. ಬೆರಳಿನಿಂದ ಉಜ್ಜಿದರೆ ಕಳಚಿ ಬರುವುದು ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾಗಳ ಮನೆ; ಬೇರೇ ಊದಿಕೊಂಡಂತಿದ್ದು ಕಳಚದಿದ್ದರೆ ಅದು ಜಂತುಹುಳದ ಕಾಟ. ದೊಡ್ಡದೊಂದು ಗಂಟನ್ನು ಬ್ಲೇಡಿನಿಂದ ಸೀಳಿ ಕೂಡಲೇ ನೋಡಿ. ಒಳಗೆ ತೆಳುಗೆಂಪು ಇದ್ದರೆ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಕೆಲಸ ನಡೆಯುತ್ತಿದೆ. ಆ ಕೆಂಪು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಹಿಮೋಗ್ಲೋಬಿನ್‌ನ ನೆಂಟ. ಒಳಗೆ ಬಿಳಿ ಇದ್ದರೆ ಗಂಟು ಇನ್ನೂ ಎಳತು, ಹಸಿರೋ ಕಂದೋ ಇದ್ದರೆ ಅದರ ಕಾಲ ಮುಗಿದಿದೆ.

ಬೇಯಿಸಿದ ಮಣ್ಣಿನ ಗಿಡದಲ್ಲೂ ನಾಲ್ಕಾರು ಗಂಟು ಸಿಕ್ಕಿದರೆ ನೀರು ಸಿಡಿದಿದೆ, ಇಲ್ಲವೇ ಒಂದೇ ಕೈಯಲ್ಲಿ ಎರಡೂ ಚಟ್ಟಿ ಮುಟ್ಟಿದ್ದಾರೆ. ಅದನ್ನೂ ಎಣಿಸಿ ಪುಸ್ತಕದಲ್ಲಿ ಬರೆಯಲಿ. ಮುಂದಿನ ಸಲ ನೀರು ಹಾಕುವಾಗ ಬೇಯಿಸಿದ ಮಣ್ಣಿನ ಚಟ್ಟಿಗೆ ಮೊದಲು, ಹಸಿ ಮಣ್ಣಿನದ್ದಕ್ಕೆ ಆಮೇಲೆ.