ಯಾವ ವಿಭಾಗದಲ್ಲಿ ಏನು ಕೆಡುತ್ತದೆ? ಡೆಂಟಲ್ ಅಸಿಸ್ಟೆಂಟ್ ಕಲಿಕೆಯ ಟಿಪ್ಪಣಿ

ನಮ್ಮ ದೇಶದಲ್ಲಿ ಎಂಡಿಎಸ್ (ದಂತ ವೈದ್ಯಕೀಯದ ಸ್ನಾತಕೋತ್ತರ ಪದವಿ) ಮಟ್ಟದಲ್ಲಿ ಹಲ್ಲಿನ ವೈದ್ಯಕೀಯಕ್ಕೆ 9 ವಿಭಾಗಗಳಿವೆ. ಹಲ್ಲು ಕೀಳುವುದು ಮತ್ತು ದವಡೆ ಆಪರೇಷನ್, ಫಿಲ್ಲಿಂಗ್ ಮತ್ತು ರೂಟ್ ಕೆನಾಲ್, ವಸಡು, ಕ್ಯಾಪ್ ಮತ್ತು ಹಲ್ಲುಸೆಟ್ಟು, ಕ್ಲಿಪ್ ಹಾಕಿ ಹಲ್ಲು ಸರಿಮಾಡುವುದು, ಮಕ್ಕಳ ಹಲ್ಲು, ಎಕ್ಸ್‌ರೇ ಮತ್ತು ಬಾಯಿಯ ರೋಗ ಗುರುತಿಸುವುದು, ಲ್ಯಾಬಿನಲ್ಲಿ ಕೂತು ರೋಗ ಪತ್ತೆ ಮಾಡುವುದು, ಊರೂರಿಗೆ ಹೋಗುವ ಸಮುದಾಯ ದಂತ ಆರೋಗ್ಯ. ಇಷ್ಟನ್ನು ಬಾಯಿಪಾಠ ಮಾಡಿದರೆ ಪರೀಕ್ಷೆಯಲ್ಲಿ ಅಂಕ ಬರುತ್ತದೆ. ಕೋಲಾರದ ಕ್ಲಿನಿಕ್ಕಿನಲ್ಲಿ ಅಷ್ಟೇ ಸಾಲುವುದಿಲ್ಲ. ನಾನು ಕಲಿಯುತ್ತಿರುವ ಕಡೆ ಇರುವುದೇ ಎರಡು ಚೇರು. ಬೆಳಿಗ್ಗೆ ಹಲ್ಲು ಕೀಳುವುದು, ಹನ್ನೊಂದಕ್ಕೆ ರೂಟ್ ಕೆನಾಲ್ ಮಾಡುವ ಆರ್‌ಸಿಟಿ, ಮಧ್ಯಾಹ್ನ ಬೆಂಗಳೂರಿನಿಂದ ಬರುವ ಕ್ಲಿಪ್ ಹಾಕುವ ಆರ್ಥೋ ಡಾಕ್ಟ್ರು. ವಿಭಾಗ ಬದಲಾಗುತ್ತದೆ, ಪಕ್ಕದ ಸ್ಟೂಲಿನಲ್ಲಿ ಕೂತವಳು ಮಾತ್ರ ನಾನೇ.

ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ವಿಭಾಗದ ಪುಟದ ತಲೆಯಲ್ಲೂ ಒಂದೇ ಪ್ರಶ್ನೆ ಬರೆದುಕೊಂಡಿದ್ದೇನೆ. ಇಲ್ಲಿ ನಾನು ತಪ್ಪಿದರೆ ಏನು ಕೆಡುತ್ತದೆ? ಈ ಟಿಪ್ಪಣಿಯೂ ಅದೇ ಕ್ರಮದಲ್ಲಿದೆ. ಸಲಕರಣೆಗಳ ಹೆಸರು ಪುಸ್ತಕದಲ್ಲೇ ಇವೆ, ಅವನ್ನು ಇಲ್ಲಿ ಪಟ್ಟಿ ಮಾಡುವುದಿಲ್ಲ.

ಎಲ್ಲ ವಿಭಾಗಕ್ಕೂ ಬೇಕಾಗುವ ಎರಡು ವಿಷಯ

ಮೊದಲನೆಯದು ಹಲ್ಲಿನ ನಂಬರು. ಡಾಕ್ಟ್ರು "ಫೋರ್ ಸಿಕ್ಸ್" ಅಂದರೆ ನಲವತ್ತಾರನೇ ಹಲ್ಲು ಅಂತಲ್ಲ. ಮೊದಲ ಅಂಕಿ ಬಾಯಿಯ ಯಾವ ಕಾಲು ಭಾಗ ಎಂದು ಹೇಳುತ್ತದೆ. ಎರಡನೆಯದು ಮಧ್ಯದಿಂದ ಎಷ್ಟನೇ ಹಲ್ಲು ಎಂದು. ಮೇಲೆ ಬಲ 1, ಮೇಲೆ ಎಡ 2, ಕೆಳಗೆ ಎಡ 3, ಕೆಳಗೆ ಬಲ 4. ಬಲ ಎಂದರೆ ರೋಗಿಯ ಬಲ, ನಮ್ಮದಲ್ಲ. ಹಾಲುಹಲ್ಲಿಗೆ ಇದೇ ಸುತ್ತಿನಲ್ಲಿ 5ರಿಂದ 8. ಹಾಗಾಗಿ 46 ಎಂದರೆ ಕೆಳಗಿನ ಬಲಗಡೆಯ ಮೊದಲ ಶಾಶ್ವತ ದವಡೆಹಲ್ಲು. ಇದು ಸುಮಾರು 6ನೇ ವರ್ಷಕ್ಕೆ ಬರುತ್ತದೆ. ಯಾವ ಹಾಲುಹಲ್ಲೂ ಬೀಳದೆ ಹಿಂದೆ ಹೊಸದಾಗಿ ಬರುವುದರಿಂದ "ಇದೂ ಹಾಲುಹಲ್ಲೇ, ಬಿದ್ದು ಹೋಗುತ್ತೆ ಬಿಡಿ" ಎಂದು ಅಮ್ಮಂದಿರು ಸುಮ್ನೆ ಬಿಟ್ಟಿರುತ್ತಾರೆ. ಹುಳುಕಾಗಿ ನಮ್ಮಲ್ಲಿಗೆ ಬರುವ ಮಕ್ಕಳ ಹಲ್ಲುಗಳಲ್ಲಿ ಇದು ಜಾಸ್ತಿ.

ಎರಡನೆಯದು ಕೂರುವ ಜಾಗ. ರೋಗಿಯ ಮುಖವನ್ನು ಗಡಿಯಾರ ಎಂದುಕೊಳ್ಳಿ, ನೆತ್ತಿ 12 ಗಂಟೆ. ಬಲಗೈ ಡಾಕ್ಟ್ರು 7ರಿಂದ 12ರ ನಡುವೆ ಇರುತ್ತಾರೆ. ನಾವು 2ರಿಂದ 4ರ ನಡುವೆ. ಸಲಕರಣೆ ಕೈ ಬದಲಾಯಿಸುವುದು 4ರಿಂದ 7ರ ಜಾಗದಲ್ಲಿ, ಅಂದರೆ ಗಲ್ಲದ ಕೆಳಗೆ, ಎದೆಯ ಹತ್ತಿರ. ಕಣ್ಣಿನ ಮೇಲಿಂದ ಏನನ್ನೂ ದಾಟಿಸಬಾರದು. ಸಕ್ಷನ್ (ಎಂಜಲು, ನೀರು ಎಳೆಯುವ ಕೊಳವೆ) ಬಲಗೈಯಲ್ಲಿ, ಕೊಡುವುದು ತೆಗೆದುಕೊಳ್ಳುವುದು ಎಡಗೈಯಲ್ಲಿ. ನಮ್ಮ ಸ್ಟೂಲು ಡಾಕ್ಟ್ರದಕ್ಕಿಂತ ನಾಲ್ಕೈದು ಇಂಚು ಎತ್ತರ ಇರಬೇಕು. ಇದನ್ನು ಯಾರೂ ನನಗೆ ಮೊದಲು ಹೇಳಿರಲಿಲ್ಲ. ಒಂದು ತಿಂಗಳು ಕುತ್ತಿಗೆ ನೋವಿನಲ್ಲಿ ಒದ್ದಾಡಿದೆ.

ಅಳತೆ, ಕ್ಯಾಪ್, ಹಲ್ಲುಸೆಟ್ಟು: ಇಲ್ಲಿ ಕೆಡುವುದು ಸಮಯ

ಆಲ್ಜಿನೇಟ್ (ಬಾಯಿಯ ಅಳತೆ, ಅಂದರೆ ಅಚ್ಚು ತೆಗೆಯುವ ಪುಡಿ) ಕಲಸುವುದು ನೋಡಲು ರೊಟ್ಟಿ ಹಿಟ್ಟಿಗಿಂತ ಸುಲಭ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಟ್ಯಾಂಕಿನ ನಲ್ಲಿ ನೀರು ಹಿಡಿದು ಕಲಸಿದೆ. ಟ್ರೇಗೆ ತುಂಬುವಷ್ಟರಲ್ಲಿ ಬೋಲಿನಲ್ಲೇ ರಬ್ಬರಿನ ಹಾಗೆ ಆಗಿಹೋಯಿತು. ಹಲ್ಲಿಲ್ಲದ ಅಜ್ಜಿ ಬಾಯಿ ತೆರೆದುಕೊಂಡು ಕಾಯುತ್ತಿದ್ದರು. ಕಾರಣ ಸರಳ. ನೀರು ಬೆಚ್ಚಗಿದ್ದಷ್ಟೂ ಆಲ್ಜಿನೇಟ್ ಬೇಗ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ನೆತ್ತಿಯ ಮೇಲಿನ ಸಿಂಟೆಕ್ಸ್ ಟ್ಯಾಂಕಿನ ನೀರು ಬಿಸಿನೀರೇ ಅಲ್ವಾ? ಈಗ ಒಂದು ಬಾಟಲಿ ನೀರನ್ನು ಫ್ರಿಜ್ಜಿನಲ್ಲಿ ಇಟ್ಟಿರುತ್ತೇನೆ. ನೀರು ಕಡಿಮೆ ಹಾಕಿದರೂ ಬೇಗ ಗಟ್ಟಿಯಾಗುತ್ತದೆ, ಆದರೆ ಹೆಚ್ಚು ಹೊತ್ತು ಸಿಗಲಿ ಎಂದು ನೀರು ಜಾಸ್ತಿ ಹಾಕಬೇಡಿ, ಅಳತೆ ಹರಿದುಹೋಗುತ್ತದೆ. ಡಬ್ಬಿಯನ್ನು ಮೊದಲು ಅಲುಗಾಡಿಸಿ ಪುಡಿ ಸಡಿಲ ಮಾಡಿ, ಆಮೇಲೆ ಅವರದೇ ಚಮಚದಲ್ಲಿ ಅಳೆಯಿರಿ. ಬೋಲಿನ ಗೋಡೆಗೆ ಒತ್ತಿ ಒತ್ತಿ ಕಲಸಿ. ಗುಳ್ಳೆ ಉಳಿದರೆ ಆ ಅಚ್ಚಿನಿಂದ ಮಾಡುವ ಮಾಡೆಲ್ ಮೇಲೆ ಅದೇ ಜಾಗದಲ್ಲಿ ಗಂಟು ಏಳುತ್ತದೆ.

ಬಾಯಿಂದ ತೆಗೆದ ಮೇಲೂ ಕೆಲಸ ಮುಗಿದಿಲ್ಲ. ಆಲ್ಜಿನೇಟ್ ಗಾಳಿಗೆ ಬಿಟ್ಟರೆ ನೀರು ಕಳೆದುಕೊಂಡು ಕುಗ್ಗುತ್ತದೆ, ನೀರಿನಲ್ಲಿ ಮುಳುಗಿಸಿಟ್ಟರೆ ಹೀರಿಕೊಂಡು ಉಬ್ಬುತ್ತದೆ. ತೊಳೆದು, ಡಿಸ್‌ಇನ್‌ಫೆಕ್ಟೆಂಟ್ ಹೊಡೆದು, ತಡಮಾಡದೆ ಸ್ಟೋನ್ (ಮಾಡೆಲ್ ಮಾಡುವ ಜಿಪ್ಸಮ್) ಸುರಿಯಬೇಕು. ಟೀ ಕುಡಿದು ಬಂದು ಸುರಿಯೋಣ ಎಂದುಕೊಂಡರೆ ಸೆಟ್ಟು ಸಡಿಲವಾಗಿ ಬರುತ್ತದೆ. ಬೈಸಿಕೊಳ್ಳುವುದು ಮಾತ್ರ ಲ್ಯಾಬಿನವರು.

ಕ್ಯಾಪಿನ ಬಣ್ಣ ನೋಡುವುದು ಡಾಕ್ಟ್ರ ಕೆಲಸ, ಆದರೆ ಶೇಡ್ ಗೈಡ್ (ಹಲ್ಲಿನ ಬಣ್ಣಗಳ ಮಾದರಿ ಪಟ್ಟಿ) ಹಿಡಿದು ನಿಲ್ಲುವುದು ನಾವು. ಹಲ್ಲು ಕೊರೆಯುವ ಮುಂಚೆ, ಹಗಲು ಬೆಳಕಿನಲ್ಲಿ, ಲಿಪ್‌ಸ್ಟಿಕ್ ಒರೆಸಿ ನೋಡಬೇಕು. ಬಾಯಿ ತೆರೆದೇ ಇದ್ದರೆ ಹಲ್ಲು ಒಣಗಿ ಇನ್ನಷ್ಟು ಬೆಳ್ಳಗೆ ಕಾಣುತ್ತದೆ, ಆಗ ಆರಿಸಿದ ಬಣ್ಣ ತಪ್ಪು. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಅಕ್ಕಪಕ್ಕದ ಹಲ್ಲಿನ ಮೇಲೆ ಕಂದು ಗೆರೆ ಇದ್ದರೆ, ಗೈಡಿನ ಯಾವ ಶೇಡೂ ಹೊಂದುವುದಿಲ್ಲ. ಆಗ ಫೋಟೊ ತೆಗೆದು ಲ್ಯಾಬಿಗೆ ಕಳಿಸುತ್ತೇವೆ. ಕೆಲವರು ಒಂದೇ ಒಂದು ಬೆಳ್ಳನೆಯ ಹಲ್ಲು ಕೇಳುತ್ತಾರೆ. ಕೊಟ್ಟ ಮೇಲೆ ಅದೇ ಎದ್ದು ಕಾಣುತ್ತದೆ ಎಂದು ಬೇಜಾರಾಗುತ್ತಾರೆ.

ರೂಟ್ ಕೆನಾಲ್ ಮತ್ತು ಫಿಲ್ಲಿಂಗ್: ಇಲ್ಲಿ ಕೆಡುವುದು ಗುರುತು

ಬೇರಿನ ಒಳಗೆ ಉಜ್ಜುವ ಸೂಜಿಯಂಥ ಫೈಲುಗಳ ಬಣ್ಣದ ಸುತ್ತು ಕಲಿತುಬಿಡಿ: 15 ಬಿಳಿ, 20 ಹಳದಿ, 25 ಕೆಂಪು, 30 ನೀಲಿ, 35 ಹಸಿರು, 40 ಕಪ್ಪು. 45ರಿಂದ ಮತ್ತೆ ಬಿಳಿ ಶುರು. ನಂಬರು ತುದಿಯ ದಪ್ಪ. 25 ಎಂದರೆ 0.25 ಮಿಲಿಮೀಟರ್. ಸುರುಳಿ ಬಿಚ್ಚಿದ, ಬಗ್ಗಿದ ಫೈಲನ್ನು ಟ್ರೇಗೆ ಇಡಬೇಡಿ. ಒಳಗೆ ಮುರಿದರೆ ತೆಗೆಯುವುದು ದೊಡ್ಡ ರಾಮಾಯಣ.

ಇದಕ್ಕಿಂತ ಭಯದ ವಿಷಯ ಸಿರಿಂಜು. ಬೇರಿನ ಒಳಗೆ ತೊಳೆಯುವ ಸೋಡಿಯಂ ಹೈಪೋಕ್ಲೋರೈಟ್, ಸಲೈನ್, ಮರಗಟ್ಟಿಸುವ ಲಿಗ್ನೋಕೇನ್, ಮೂರೂ ನೋಡಲು ಹೆಚ್ಚುಕಡಿಮೆ ಒಂದೇ. ಸಿರಿಂಜಿಗೆ ತುಂಬಿದ ಮೇಲೆ ಯಾವುದು ಯಾವುದು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಹೈಪೋಕ್ಲೋರೈಟ್ ಎಂದರೆ ಬ್ಲೀಚಿಂಗ್ ದ್ರಾವಣ. ಅದು ವಸಡಿನೊಳಗೆ ಚುಚ್ಚಿ ಹೋದರೆ ಮುಖ ಊದಿಕೊಂಡು ಆಸ್ಪತ್ರೆ ಸೇರಬೇಕಾಗುತ್ತದೆ. ತುಂಬಿದ ತಕ್ಷಣ ಚೀಟಿ ಅಂಟಿಸಿ. ಚೀಟಿ ಇಲ್ಲದ ಸಿರಿಂಜು ಕಂಡರೆ "ಬಹುಶಃ ಸಲೈನ್ ಇರಬೇಕು" ಎಂದು ಕೊಡಬೇಡಿ, ಚೆಲ್ಲಿಬಿಡಿ.

ಫಿಲ್ಲಿಂಗಿಗೆ ಬಳಸುವ ಗ್ಲಾಸ್ ಅಯೊನೊಮರ್ ಸಿಮೆಂಟನ್ನು ಕಾಗದದ ಪ್ಯಾಡಿನ ಮೇಲೆ ಪ್ಲಾಸ್ಟಿಕ್ ಸ್ಪ್ಯಾಚುಲಾದಿಂದ ಅರ್ಧ ನಿಮಿಷದೊಳಗೆ ಕಲಸಿ ಕೊಡಬೇಕು. ಮೇಲೆ ಹೊಳಪು ಇರುವಾಗಲೇ ಹಲ್ಲಿಗೆ ಸೇರಬೇಕು. ಹೊಳಪು ಹೋದ ಸಿಮೆಂಟು ಹಲ್ಲಿಗೆ ಹಿಡಿಯುವುದಿಲ್ಲ. ಲವಂಗದ ವಾಸನೆಯ ಜಿಂಕ್ ಆಕ್ಸೈಡ್ ಯುಜಿನಾಲ್ ಹಾಗಲ್ಲ, ಅದು ನಿಧಾನದವರ ಸ್ನೇಹಿತ.

ಹಲ್ಲು ಕೀಳುವುದು: ಕೆಡುವುದು ಕೇಳದೆ ಬಿಟ್ಟ ಪ್ರಶ್ನೆಯಿಂದ

ಇಂಜೆಕ್ಷನ್ನಿಗೆ ಮುಂಚೆ ಕೇಳಬೇಕು: ತಿಂದು ಬಂದಿದ್ದೀರಾ, ಬಿಪಿ, ಶುಗರ್ ಇದೆಯಾ, ಇವತ್ತಿನ ಮಾತ್ರೆ ತಗೊಂಡಿರಾ, ರಕ್ತ ತೆಳುವಾಗುವ ಮಾತ್ರೆ ಇದೆಯಾ, ಯಾವುದಾದರೂ ಔಷಧಿ ಆಗಿ ಬರುವುದಿಲ್ಲವಾ. ನಮ್ಮಲ್ಲಿ ಇದನ್ನು ಕನ್ನಡದಲ್ಲಿ ಮಾತ್ರ ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ಹಲ್ಲುನೋವು ಎಂದರೆ ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರಿಗೆ ತೆಲುಗಿನ "ಪನ್ನು ನೊಪ್ಪಿ", ಕೆಜಿಎಫ್ ಕಡೆಯ ಎಷ್ಟೋ ಜನಕ್ಕೆ ತಮಿಳಿನ "ಪಲ್ಲು ವಲಿ". ನಾಲ್ಕು ಮಾತು ಕಲಿತಿಟ್ಟುಕೊಳ್ಳಿ, "ಶುಗರ್ ಉಂದಾ, ತಿನ್ನಾರಾ" ಅಂದರೆ ಸಾಕು, ಅವರೇ ಮಾತ್ರೆಯ ಚೀಲ ತೆಗೆದು ತೋರಿಸುತ್ತಾರೆ.

ಇಲ್ಲಿ ಸಾಮಾನ್ಯವಾಗಿ ಬಳಸುವುದು 2% ಲಿಗ್ನೋಕೇನ್, ಜೊತೆಗೆ 1:80,000 ಪ್ರಮಾಣದ ಅಡ್ರಿನಲಿನ್. ಅಡ್ರಿನಲಿನ್ ಇಲ್ಲದ ಬಾಟಲಿಯೂ ಇರುತ್ತದೆ. ಸಿರಿಂಜಿಗೆ ತುಂಬುವ ಮುಂಚೆ ಲೇಬಲ್ಲನ್ನು ಡಾಕ್ಟ್ರಿಗೆ ತೋರಿಸಿ. ಯಾರಾದರೂ ಬೆವರಿ, ಮುಖ ಬಿಳುಚಿಕೊಂಡರೆ ಎಬ್ಬಿಸಿ ಕೂರಿಸಲು ಹೋಗಬೇಡಿ. ಚೇರನ್ನು ಮಲಗಿಸಿ ಕಾಲು ಎತ್ತರಿಸಿ, ಡಾಕ್ಟ್ರನ್ನು ಕರೆಯಿರಿ.

ಆಮೇಲಿನ ಸೂಚನೆ ಕೊಡುವುದು ನಮ್ಮ ಪಾಲು. ಗಾಜ್ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಕಚ್ಚಿರಬೇಕು. ಪದೇ ಪದೇ ಉಗಿಯಬಾರದು, ಆವತ್ತು ಮುಕ್ಕಳಿಸಬಾರದು, ಸ್ಟ್ರಾದಲ್ಲಿ ಎಳನೀರು ಹೀರಬಾರದು, ಬೀಡಿ, ಹೊಗೆಸೊಪ್ಪು ಬೇಡ. ಹೆಪ್ಪುಗಟ್ಟಿದ ರಕ್ತವೇ ಗಾಯಕ್ಕೆ ಮುಚ್ಚಳ, ಅದು ಕಿತ್ತುಬಂದರೆ ಮೂರನೇ ದಿನ ತಡೆಯಲಾಗದ ನೋವು. ಒಬ್ಬ ತಾತ ಎಲ್ಲ ಕೇಳಿಸಿಕೊಂಡು, "ಮುದ್ದೆ ತಿನ್ನಬಹುದಾ ಅಮ್ಮಾ?" ಎಂದರು. ಗಟ್ಟಿ ಏನೂ ಅಗಿಯಬೇಡಿ ತಾತ ಎಂದೆ. "ಮುದ್ದೆ ಯಾರಮ್ಮಾ ಅಗೀತಾರೆ, ನುಂಗೋದು ತಾನೆ?" ಅವರ ಮಾತೂ ಸರಿಯೇ. ತೊಂದರೆ ಇರುವುದು ಬಿಸಿಯಲ್ಲಿ ಮತ್ತು ಸಾರಿನ ಖಾರದಲ್ಲಿ. ಅಂದಿನಿಂದ ನಾನು ಹೇಳುವುದು, ಇವತ್ತು ತಣ್ಣಗಾದ ಅಂಬಲಿ ಇಲ್ಲ ಮೊಸರನ್ನ, ನಾಳೆ ಆರಿದ ಮುದ್ದೆ ಖಾರವಿಲ್ಲದೆ.

ಬೇಗ ಮುಗಿಸಬಹುದಾದ ಪುಟಗಳು

ವಸಡಿನ ವಿಭಾಗದಲ್ಲಿ ಡಾಕ್ಟ್ರು ವಸಡು ಮತ್ತು ಹಲ್ಲಿನ ನಡುವಿನ ಸಂದಿನ ಆಳವನ್ನು ಪ್ರೋಬ್ ಎಂಬ ಗುರುತಿನ ಕಡ್ಡಿಯಿಂದ ಅಳೆದು ಅಂಕಿ ಹೇಳುತ್ತಾ ಹೋಗುತ್ತಾರೆ, ಬರೆಯುವುದು ನಾವು. 3 ಮಿಲಿಮೀಟರ್‌ವರೆಗೆ ಸರಿ, ಅದಕ್ಕಿಂತ ಜಾಸ್ತಿ ಆದರೆ ಗಮನ ಬೇಕು. ಒಂದು ಅಂಕಿ ತಪ್ಪಿಸಿಕೊಂಡರೆ ಮುಂದಿನ ಎಲ್ಲ ಹಲ್ಲೂ ಒಂದೊಂದು ಮನೆ ಜರುಗುತ್ತವೆ. ಕೇಳಿಸದಿದ್ದರೆ ನಾಚಿಕೆಪಡದೆ ಮತ್ತೆ ಕೇಳಿ.

ಕ್ಲಿಪ್ ಅಂಟಿಸುವಾಗ ಕೆಡಿಸುವುದು ಎಂಜಲು. ಆಸಿಡ್ ಹಚ್ಚಿ ತೊಳೆದು ಒಣಗಿಸಿದ ಹಲ್ಲು ಸುಣ್ಣ ಬಳಿದ ಹಾಗೆ ಮಂಕು ಬಿಳಿಯಾಗುತ್ತದೆ. ಒಂದು ಹನಿ ಎಂಜಲು ಬಿದ್ದರೆ ಮೊದಲಿನಿಂದ ಮಾಡಬೇಕು. ಫ್ಲೋರೈಡ್ ಕಲೆಯ ಹಲ್ಲಿಗೆ ಆಸಿಡ್ ಅಷ್ಟು ಸುಲಭಕ್ಕೆ ಹತ್ತುವುದಿಲ್ಲ, ಸಕ್ಷನ್ ಹಿಡಿದ ಕೈ ಇನ್ನೂ ಸ್ವಲ್ಪ ಹೊತ್ತು ತಡೆಯಬೇಕು.

ಎಕ್ಸ್‌ರೇಯಲ್ಲಿ ಮಗು ಸುಮ್ಮನಿರುವುದಿಲ್ಲ ಎಂದು ಫಿಲ್ಮನ್ನೋ ಸೆನ್ಸರನ್ನೋ ನಾವು ಬೆರಳಲ್ಲಿ ಹಿಡಿದು ನಿಲ್ಲಬಾರದು. ಗೋಡೆಯ ಮರೆ ಇಲ್ಲದಿದ್ದರೆ ಕನಿಷ್ಠ 6 ಅಡಿ ದೂರ, ಕಿರಣದ ದಾರಿಯಿಂದ ಪಕ್ಕಕ್ಕೆ.

ಮಕ್ಕಳ ವಿಭಾಗದಲ್ಲಿ ಮೊದಲು ಹೇಳು, ಆಮೇಲೆ ತೋರಿಸು, ಆಮೇಲೆ ಮಾಡು. ಗಾಳಿಯ ಸದ್ದನ್ನು ಅವರ ಉಗುರಿನ ಮೇಲೆ ಬಿಟ್ಟು ತೋರಿಸಿ. ಸೂಜಿಯನ್ನು ಅವರ ಕಣ್ಣಿಗೆ ಬೀಳದ ಹಾಗೆ ಕೆಳಗಿನಿಂದ ಕೊಡಿ. "ನೋವಾಗಲ್ಲ ಪುಟ್ಟ" ಅನ್ನಬೇಡಿ. ಅದರಲ್ಲಿ ಮಗುವಿಗೆ ಕೇಳಿಸುವುದು ನೋವು ಎಂಬ ಒಂದೇ ಪದ.

ಸೂಜಿ, ಆಟೋಕ್ಲೇವ್, ಕಸ

ಇದು ಯಾವ ವಿಭಾಗಕ್ಕೂ ಸೇರದು, ಎಲ್ಲಕ್ಕೂ ಬೇಕು. ಆಟೋಕ್ಲೇವ್ (ಹಬೆಯಿಂದ ಕ್ರಿಮಿ ಕೊಲ್ಲುವ ಯಂತ್ರ) 121 ಡಿಗ್ರಿಯಲ್ಲಿ ಕನಿಷ್ಠ 15 ನಿಮಿಷ. ಸಲಕರಣೆಯನ್ನು ಉಜ್ಜಿ ತೊಳೆಯದೆ ಒಳಗಿಟ್ಟರೆ ರಕ್ತದ ಕೆಳಗಿನ ಕ್ರಿಮಿ ಹಾಗೇ ಉಳಿಯಬಹುದು. ಪೊಟ್ಟಣಕ್ಕೆ ಅಂಟಿಸಿದ ಪಟ್ಟಿಯ ಬಣ್ಣ ಬದಲಾಯಿತು ಎಂದರೆ ಬಿಸಿ ತಗಲಿದೆ ಎಂದಷ್ಟೇ ಅರ್ಥ, ಕ್ರಿಮಿ ಸತ್ತಿದೆ ಎಂದಲ್ಲ. ಅದಕ್ಕೆ ಗಟ್ಟಿ ಕ್ರಿಮಿಯನ್ನೇ ಒಳಗಿಟ್ಟು ಸತ್ತಿದೆಯಾ ನೋಡುವ ಸ್ಪೋರ್ ಪರೀಕ್ಷೆಯೇ ಆಗಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ರಕ್ತದ ಹತ್ತಿ, ಕಿತ್ತ ಹಲ್ಲು ಹಳದಿ ಚೀಲಕ್ಕೆ, ಗ್ಲೌಸು ಮತ್ತು ಸಕ್ಷನ್ ತುದಿ ಕೆಂಪಿಗೆ, ಸೂಜಿ ಬಿಳಿ ಡಬ್ಬಿಗೆ, ಗಾಜು ನೀಲಿಗೆ.

ಸೂಜಿಗೆ ಎರಡೂ ಕೈ ಸೇರಿಸಿ ಮುಚ್ಚಳ ಹಾಕಬೇಡಿ. ಮುಚ್ಚಳವನ್ನು ಟ್ರೇಯಲ್ಲಿ ಮಲಗಿಸಿ ಒಂದೇ ಕೈಯಲ್ಲಿ ಸೂಜಿ ತೂರಿಸಿ. ಸೋಂಕಿರುವ ರೋಗಿಯ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು ಸಾವಿರಕ್ಕೆ 3. ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ನೂರಕ್ಕೆ 30ರವರೆಗೂ ಹೋಗುತ್ತದೆ. ಲಸಿಕೆ ಮೂರು ಡೋಸು: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ನಮ್ಮ ಬ್ಯಾಚಿನಲ್ಲಿ ಮೂರನೆಯದನ್ನು ಮರೆತವರೇ ಹೆಚ್ಚು. ಚುಚ್ಚಿದರೆ ಹಿಂಡಬೇಡಿ, ಸೋಪು ನೀರಿನಲ್ಲಿ ತೊಳೆದು ತಕ್ಷಣ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು.

ಕ್ಯಾಂಪ್: ಕೆಡುವುದು ಮಾತು

ಊರೂರಿನ ಹಲ್ಲು ತಪಾಸಣೆ ಕ್ಯಾಂಪಿಗೆ ಹೋದಾಗ ಕಂದು ಹಲ್ಲಿನ ಮಗುವನ್ನು ಮುಂದೆ ತಳ್ಳಿ ಅಮ್ಮಂದಿರು "ಉಜ್ಜೋದೇ ಇಲ್ಲ ನೋಡಿ" ಎನ್ನುತ್ತಾರೆ. ಹುಳುಕು, ಕೊಳೆ, ಫ್ಲೋರೋಸಿಸ್ (ಫ್ಲೋರೈಡಿನಿಂದ ಬರುವ ಕಲೆ) ಮೂರೂ ಬೇರೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬ ಮಿತಿ ಇದೆ. ನಮ್ಮ ಕೋಲಾರ, ಪಕ್ಕದ ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡದ ಎಷ್ಟೋ ಬೋರ್‌ವೆಲ್ಲುಗಳಲ್ಲಿ ಅದು ದಾಟಿದೆ. ಹಲ್ಲಿನ ಎನಾಮೆಲ್ ದವಡೆಯೊಳಗೆ ತಯಾರಾಗುವ ವಯಸ್ಸಿನಲ್ಲಿ, ಅಂದರೆ ಸುಮಾರು 8 ವರ್ಷದವರೆಗೆ, ಆ ನೀರು ಕುಡಿದರೆ ಕಲೆ ಒಳಗಿನಿಂದಲೇ ಬರುತ್ತದೆ. ದೊಡ್ಡವರಾದ ಮೇಲೆ ಕುಡಿದರೆ ಹಲ್ಲಿಗೆ ಹೊಸ ಕಲೆ ಬರುವುದಿಲ್ಲ, ಮೂಳೆಗೆ ತೊಂದರೆ ಆಗಬಹುದು. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಜಾಸ್ತಿಯಾಗುತ್ತದೆ. ಊರಿನ ಶುದ್ಧ ನೀರಿನ ಘಟಕದ ಆರ್‌ಒ ನೀರನ್ನು ಕುಡಿಯಲು ಮಾತ್ರವಲ್ಲ, ಅನ್ನ ಸಾರಿಗೂ ಬಳಸಲು ಹೇಳಿ.

ಮಗುವಿನ ಎದುರಿಗೆ "ಉಜ್ಜು, ಹೋಗುತ್ತೆ" ಎಂದು ಯಾವತ್ತೂ ಹೇಳಬೇಡಿ. ನನ್ನ ಮುಂದಿನ ಹಲ್ಲುಗಳಲ್ಲೂ ಅದೇ ಗೆರೆ ಇದೆ. ಶಾಲೆಯಲ್ಲಿ ನನಗೆ ಹಾಗೇ ಹೇಳಿದ್ದರು. ಎರಡು ವರ್ಷ ಇದ್ದಿಲ ಪುಡಿಯಲ್ಲಿ ಉಜ್ಜಿದೆ. ಗೆರೆ ಅಲ್ಲೇ ಇತ್ತು, ವಸಡು ಕೆಳಗಿಳಿಯಿತು. ಈಗ ಐಸ್‌ಕ್ರೀಮ್ ತಿಂದರೆ ಜುಂ ಎನ್ನುತ್ತದೆ.